ಕಂಪನಿ ವ್ಯಾನಾ, ನಮ್ಮೂರ ಗ್ಯಾರೇಜಾ?

ಜನ್ನಾಪುರದ ದೊಡ್ಡಮ್ಮನಿಂದ ಹಿಡಿದು ಬೆಂಗಳೂರಿನ ನಾದಿನಿ ತನಕ ಎಲ್ರೂ ಕೇಳ್ತಿರೋದು ಒಂದೇ ಪ್ರಶ್ನೆ. "ನಿಮ್ಮನೆಯವರು ಸಿನಿಮಾದೋರ ಥರ ಕ್ಯಾರವಾನ್ ತಗೋತಾರಂತೆ, ಹೌದಾ?" ಒಬ್ಬೊಬ್ರಿಗೂ ಫೋನಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಅದಕ್ಕೆ ಇಲ್ಲೇ ಪೂರ್ತಿ ಬರೆದುಬಿಡ್ತೀನಿ. ಓದಿದ ಮೇಲೆ ಯಾರೂ ಫೋನ್ ಮಾಡಿ "ನಿಜಾನಾ" ಅಂತ ಕೇಳೋ ಹಾಗಿಲ್ಲ. ಊಟಕ್ಕೆ ಬನ್ನಿ, ಅದು ಬೇರೆ.

ಮೊದಲು ಯಾಕೆ ಬೇಕು ಅನ್ನೋದು. ನಮ್ಮನೆಯವರು ಕಾರ್ಖಾನೆಯಿಂದ ನಿವೃತ್ತಿ ಆಗಿ ಒಂದೂವರೆ ವರ್ಷ ಆಯ್ತು. ದೇಶ ಸುತ್ತೋ ಆಸೆ ಅವರಿಗೆ ಮೊದಲಿಂದ ಇದೆ. ಆದರೆ ಮಾತು ಶುರುವಾಗಿದ್ದು ಆಸೆಯಿಂದಲ್ಲ, ನಮ್ಮತ್ತೆಯಿಂದ. ಅತ್ತೆಗೆ ಈಗ 78. ಮೂರು ತಿಂಗಳಿಗೊಂದು ಸಲ ಮಣಿಪಾಲದ ಆಸ್ಪತ್ರೆಗೆ ತೋರಿಸಕ್ಕೆ ಕರ್ಕೊಂಡು ಹೋಗಬೇಕು. ಇಲ್ಲಿಂದ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಇಳಿದು ಹೆಬ್ರಿ ಮೇಲೆ ಹೋಗೋ ದಾರಿ. ಕಾರಲ್ಲಿ ಕೂತರೆ ಅತ್ತೆಗೆ ಸೊಂಟ ಹಿಡಿಯುತ್ತೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ, ಅದನ್ನ ನಾವು ಹೆಂಗಸರು ಬಾಯಿಬಿಟ್ಟು ಹೇಳೋದಿಲ್ಲ.

ನಾನು ಹೇಳ್ತೀನಿ. ಅತ್ತೆಗೆ ಮೂತ್ರ ತಡ್ಕೊಳ್ಳಕ್ಕೆ ಆಗಲ್ಲ. ಗರ್ಭಕೋಶದ ಆಪರೇಷನ್ ಆದಮೇಲೆ ನನಗೂ ಅಷ್ಟಕ್ಕಷ್ಟೇ. ಹಿಂದಿನ ದಿನ ಸಂಜೆಯಿಂದಲೇ ಅತ್ತೆ ನೀರು ಕುಡಿಯೋದು ಬಿಡ್ತಾರೆ. ಕಾಫಿ ಕೊಟ್ಟರೂ "ಬೇಡ ಕಣೇ, ನಾಳೆ ದಾರಿ ಇದೆ" ಅಂತಾರೆ. ಕಿಡ್ನಿ ತೋರಿಸಕ್ಕೆ ಹೋಗೋರು ನೀರು ಬಿಟ್ಟು ಹೋಗೋದು ಅಂದ್ರೆ ಎಂತ ನ್ಯಾಯ ನೀವೇ ಹೇಳಿ! ದಾರಿಯಲ್ಲಿ ಪೆಟ್ರೋಲ್ ಬಂಕ್ ಸಿಕ್ಕಿದ ಕಡೆ ಇಳಿಸಿದ್ರೆ ಒಂದು ಕಡೆ ಬೀಗ, ಇನ್ನೊಂದು ಕಡೆ ನೀರಿಲ್ಲ, ಮತ್ತೊಂದು ಕಡೆ ಮೂರು ಎತ್ತರದ ಮೆಟ್ಟಿಲು. ಗಂಡಸರಿಗೆ ಮರದ ಮರೆ ಸಾಕು. ನಮಗೆ? ಹೋದ ವರ್ಷ ಹುಬ್ಬಳ್ಳಿಯಲ್ಲಿ ಮೊಮ್ಮಗಳ ಮದುವೆಗೂ ಅತ್ತೆ ಬರಲಿಲ್ಲ. "ಕಾಲು ನೋವು" ಅಂತ ಎಲ್ಲರಿಗೂ ಹೇಳಿದ್ರು. ನಿಜವಾದ ಕಾರಣ ಇದು. ಅತ್ತೆಯನ್ನ ಕೇಳಿಯೇ ಇದನ್ನ ಬರೀತಿದ್ದೀನಿ. "ಬರಿ, ಬರಿ. ಎಲ್ಲರ ಮನೇಲೂ ಇರೋದೇ" ಅಂದ್ರು.

ಅದಕ್ಕೇ ಒಳಗೆ ಶೌಚಾಲಯ, ಮಲಗಕ್ಕೆ ಒಂದು ಹಾಸಿಗೆ ಇರೋ ವ್ಯಾನು. ಇಷ್ಟಕ್ಕೆ ಮನೆಯಲ್ಲಿ ಎಲ್ರೂ ಒಪ್ಪಿದ್ರು. ಆಮೇಲೆ ಶುರುವಾಯ್ತು ನೋಡಿ ಜಗಳ. ಬೆಂಗಳೂರಲ್ಲಿರೋ ಮಗ "ಅಪ್ಪಾ, ತಯಾರಾಗಿರೋದನ್ನೇ ತಗೊಳ್ಳಿ" ಅಂದ. ನಮ್ಮನೆಯವರು "ಒಂದು ಟಿಟಿ ಹಳೇದು ತಗೊಂಡು ಇಲ್ಲೇ ಒಳಗೆ ಕಟ್ಟಿಸಿದ್ರೆ ಅರ್ಧ ದುಡ್ಡಿಗೆ ಆಗುತ್ತೆ" ಅಂದ್ರು.

ನಮ್ಮನೆಯವರ ಮಾತಿಗೂ ಅರ್ಥ ಇಲ್ಲದೆ ಇಲ್ಲ. ಭದ್ರಾವತಿ ಅಂದ್ರೆ ಕಬ್ಬಿಣದ ಊರು. ಇಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗಿಂದ ಈ ಊರಿನ ಕೈಗೆ ಗೊತ್ತಿಲ್ಲದ ಲೋಹದ ಕೆಲಸ ಇಲ್ಲ. ಲೇತ್ ಕೆಲಸ, ವೆಲ್ಡಿಂಗು, ಅಚ್ಚು ಹೊಯ್ಯೋದು ಎಲ್ಲ ಕಲಿತೋರು ಬೀದಿಗೊಬ್ಬರು ಸಿಗ್ತಾರೆ. ನಮ್ಮನೆಯವರ ಹಳೇ ಸ್ನೇಹಿತರೊಬ್ಬರು ವೆಲ್ಡಿಂಗ್ ಶಾಪ್ ಇಟ್ಟಿದ್ದಾರೆ. ನಮ್ಮನೆ ಗೇಟು, ಕಿಟಕಿ ಸರಳು, ಮಹಡಿ ಮೆಟ್ಟಿಲು ಎಲ್ಲ ಅವರ ಕೈದೇ. ನಮಗೆ ಕಷ್ಟ ಬಂದ ಕಾಲದಲ್ಲಿ ಎರಡು ಸಲ ಮಗನ ಕಾಲೇಜಿನ ಫೀಸು ಕಟ್ಟಿದೋರು, ಒಂದು ದಿನವೂ ಬಾಯಿಬಿಟ್ಟು ವಾಪಸ್ ಕೇಳಿದೋರಲ್ಲ. ವ್ಯಾನಿನ ಸುದ್ದಿ ಕೇಳಿ ಅವರು ಖುಷಿಯಿಂದ ನೋಟ್‌ಬುಕ್ಕಲ್ಲಿ ಚಿತ್ರ ಬರ್ಕೊಂಡೇ ಬಂದ್ರು. ಮಂಚದ ಕೆಳಗೆ ನೀರಿನ ಟ್ಯಾಂಕು, ಬಾಗಿಲ ಪಕ್ಕ ಒಲೆ, ಹಿಂದೆ ಶೌಚಾಲಯ. ಅವರಿಗೆ ಬೇಡ ಅನ್ನೋದು ಹೇಗೆ? ನನಗೆ ನಿದ್ದೆ ಕೆಡಿಸಿದ್ದು ದುಡ್ಡಲ್ಲ, ಇದು.

ಒಂದು ವಾರ ನಾನೂ ಕೂತು ಓದಿದೆ, ವಿಡಿಯೋ ನೋಡಿದೆ, ಮಗನ ಹತ್ರ ಕೇಳಿದೆ. ಪಿಯುಸಿ ಓದಿದೋಳಿಗೆ ಇಷ್ಟು ಅರ್ಥ ಆಗದೆ ಇರುತ್ತಾ? ಮೊದಲನೇದಾಗಿ ನನಗೆ ತಿಳಿದಿದ್ದು, "ಕಂಪನಿದು" ಅಂತ ನಾವು ಹೇಳೋದೂ ಒಂದು ಥರದಲ್ಲಿ ಕಟ್ಟಿಸಿದ್ದೇ. ಜರ್ಮನಿಯಲ್ಲಿ 1950ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಡಬ್ಬಿ ಥರದ ವ್ಯಾನು ತಂತು. ಅದರ ಒಳಗೆ ಮಂಚ, ಬೀರು ಕೂರಿಸಕ್ಕೆ ಶುರು ಮಾಡಿದ್ದು 1951ರಲ್ಲಿ ವೆಸ್ಟ್‌ಫಾಲಿಯಾ ಅನ್ನೋ ಬೇರೆ ಕಂಪನಿ. ಗಾಡಿ ಒಬ್ಬರದು, ಒಳಗಿನ ಮನೆ ಇನ್ನೊಬ್ಬರದು. ನಮ್ಮಲ್ಲೂ ಹಾಗೇ. 2022ರಲ್ಲಿ ಮಹೀಂದ್ರ ಕಂಪನಿ, ಐಐಟಿ ಮದ್ರಾಸಿನ ಆಸರೆಯಲ್ಲಿ ಬೆಳೆದ ಕ್ಯಾಂಪರ್‌ವ್ಯಾನ್ ಫ್ಯಾಕ್ಟರಿ ಅನ್ನೋರ ಜೊತೆ ಸೇರಿ ಬೊಲೆರೋ ಕ್ಯಾಂಪರ್ ಗೋಲ್ಡ್ ಮೇಲೆ ನಾಲ್ಕು ಜನ ಮಲಗೋ ಮನೆ ಮಾಡ್ತೀವಿ, ಒಳಗೆ ಬಯೋ ಟಾಯ್ಲೆಟ್ ಇರುತ್ತೆ ಅಂತ ಹೇಳಿತ್ತು. ಹಾಗಾದ್ರೆ ನಮ್ಮ ಸ್ನೇಹಿತರ ಶಾಪಿಗೂ ಅದಕ್ಕೂ ವ್ಯತ್ಯಾಸ ಎಲ್ಲಿ? ಕೈಚಳಕದಲ್ಲಿ ಅಲ್ಲ. ಎರಡು ಕಡೆ ಇದೆ: ಲೆಕ್ಕದಲ್ಲಿ, ಕಾಗದದಲ್ಲಿ.

ಲೆಕ್ಕ ಅಂದ್ರೆ ಅಡುಗೆಮನೆ ಲೆಕ್ಕವೇ. ಒಂದು ಲೀಟರ್ ನೀರು ಒಂದು ಕೆಜಿ. ನೂರು ಲೀಟರ್ ಟ್ಯಾಂಕ್ ತುಂಬಿಸಿದ್ರೆ ನೂರು ಕೆಜಿ, ಅಂದ್ರೆ ಅಕ್ಕಿ ಮೂಟೆ ನಾಲ್ಕು, 25 ಕೆಜಿದು. ಅದು ಒಂದೇ ಪಕ್ಕ ಇದ್ರೆ ಗಾಡಿ ವಾಲುತ್ತೆ. ಅರ್ಧ ಖಾಲಿ ಇದ್ರೆ ತಿರುವಿನಲ್ಲಿ ನೀರು ಆಚೆ ಈಚೆ ಕುಲುಕಾಡುತ್ತೆ. ಆಗುಂಬೆಯಲ್ಲಿ ಹೇರ್‌ಪಿನ್ ತಿರುವು 14, ಭಾರಿ ವಾಹನಗಳನ್ನ ಆ ದಾರಿಯಲ್ಲಿ ಬಿಡೋದೂ ಇಲ್ಲ. ಬಸ್ಸಿನಷ್ಟು ದೊಡ್ಡ ಕ್ಯಾರವಾನ್ ನಮಗೆ ಆಗಲ್ಲ ಅಂತ ಅಲ್ಲಿಗೇ ತೀರ್ಮಾನ ಆಯ್ತು. ಮೇಲೆ ಪ್ಲೈವುಡ್ ಬೀರು, ಬ್ಯಾಟರಿ, ಹಾಸಿಗೆ, ನಾವು ನಾಲ್ಕು ಜನ. ಗಾಡಿ ಎಷ್ಟು ತೂಕ ಹೊರಬಹುದು ಅಂತ ಆರ್‌ಸಿಯಲ್ಲಿ ಬರೆದಿರುತ್ತೆ. ಕೂಡಿಸುತ್ತಾ ಹೋದ್ರೆ ಅದು ಎಷ್ಟು ಬೇಗ ಮುಟ್ಟುತ್ತೆ ಅಂತೀರಿ!

ಕರೆಂಟಿನದೂ ಹಾಗೇ. ಸ್ನೇಹಿತರು "ಅತ್ಗೆ, ಇಂಡಕ್ಷನ್ ಒಲೆ ಹಾಕೋಣ, ಗ್ಯಾಸ್ ತಾಪತ್ರಯ ಇಲ್ಲ" ಅಂದ್ರು. ನಾನು ಮಗನ ಜೊತೆ ಗುಣಿಸಿ ನೋಡಿದೆ. 12 ವೋಲ್ಟಿನ 100 ಆಂಪಿಯರ್ ಅವರ್ ಬ್ಯಾಟರಿ ಅಂದ್ರೆ 1200 ವ್ಯಾಟ್ ಅವರ್. 2000 ವ್ಯಾಟಿನ ಒಲೆ ಅರ್ಧ ಗಂಟೆ ಉರಿಸಿದ್ರೆ 1000 ಹೋಯ್ತು. ಒಂದು ಹೊತ್ತಿನ ಅನ್ನ ಸಾರಿಗೆ ಬ್ಯಾಟರಿ ಮುಗೀತು, ರಾತ್ರಿ ಫ್ಯಾನಿಗೆ ಎಂತ ಮಾಡೋದು? ಸಾಮಾನ್ಯ ಬ್ಯಾಟರಿಯಾದ್ರೆ ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಬೇಗ ಹಾಳಾಗುತ್ತೆ. ಲಿಥಿಯಂದು ತಡ್ಕೊಳ್ಳುತ್ತೆ, ಬೆಲೆ ಜಾಸ್ತಿ. ಅದೇ 750 ವ್ಯಾಟ್ ಮಿಕ್ಸಿ ಐದು ನಿಮಿಷ ತಿರುಗಿಸಿದ್ರೆ ಅರವತ್ತು ಚಿಲ್ಲರೆ ಅಷ್ಟೇ. ಚಟ್ನಿಗೆ ತೊಂದರೆ ಇಲ್ಲ ಅಂತ ಸಮಾಧಾನ ಆಯ್ತು.

ಗ್ಯಾಸಿನ ವಿಷಯ ಎಲ್ರೂ ನೆನಪಿಟ್ಕೊಳ್ಳಿ, ವ್ಯಾನ್ ಇಲ್ದಿದ್ರೂ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದ್ರೆ ಮೇಲೆ ಹೋಗಲ್ಲ, ನೆಲದಲ್ಲಿ ಕೂರುತ್ತೆ. ಹಾಗಾಗಿ ಗಾಡಿ ಒಳಗೆ ಸಿಲಿಂಡರ್ ಇಡೋ ಜಾಗಕ್ಕೆ ಕೆಳಗಡೆ ಗಾಳಿ ಹೋಗೋ ತೂತು ಇರಲೇಬೇಕು, ಮಲಗೋ ಜಾಗದಿಂದ ಬೇರೆ ಇರಬೇಕು. ಮಂಚದ ಕೆಳಗೆ ಸಿಲಿಂಡರ್ ತಳ್ಳಿ ಮೇಲೆ ಮಲಗೋ ವಿಡಿಯೋ ಒಂದು ನೋಡಿ ನನಗೆ ಎದೆ ಝಲ್ ಅಂತು.

ಇನ್ನು ನಮ್ಮ ಮಳೆಗಾಲ. ತಗಡಿನ ಗಾಡಿಗೆ ಒಳಗಿಂದ ಪ್ಲೈವುಡ್ ಹೊಡೆದು ಮುಚ್ಚಿದ್ರೆ, ನಾವು ಒಳಗೆ ಬಿಟ್ಟ ಉಸಿರು, ಕುಕ್ಕರಿನ ಹಬೆ ಎಲ್ಲ ತಣ್ಣನೆ ತಗಡಿಗೆ ತಾಗಿ ನೀರಾಗಿ ಹಿಂದುಗಡೆ ಇಳಿಯುತ್ತೆ. ಕಣ್ಣಿಗೆ ಕಾಣಲ್ಲ. ಜುಲೈ ತಿಂಗಳಲ್ಲಿ ಬೀರುವಿನ ರೇಷ್ಮೆ ಸೀರೆಗೆ ಬೂಸ್ಟು ಹಿಡಿಯೋ ಊರು ನಮ್ಮದು, ಗಾಡಿ ಗೋಡೆ ಬಿಡುತ್ತಾ? ಮಧ್ಯದಲ್ಲಿ ಸರಿಯಾದ ಶಾಖ ತಡೆಯೋ ಪದರ ಹಾಕಬೇಕು, ಛಾವಣಿಯಲ್ಲಿ ಗಾಳಿ ಎಳೆಯೋ ಫ್ಯಾನ್ ಬೇಕು. ಇದನ್ನೆಲ್ಲ ನಮ್ಮೂರಲ್ಲಿ ಮಾಡಕ್ಕಾಗಲ್ಲ ಅಂತಲ್ಲ. ಒಬ್ಬರು ಬಡಗಿ, ಒಬ್ಬರು ಎಲೆಕ್ಟ್ರಿಷಿಯನ್, ಒಬ್ಬರು ಪ್ಲಂಬರ್, ಒಬ್ಬರು ವೆಲ್ಡರ್. ಆಮೇಲೆ ಸೋರಿದ್ರೆ ಯಾರನ್ನ ಕೇಳೋದು? ಮನೆ ಕಟ್ಟಿಸಿದೋರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾದ್ರೂ ಲೆಕ್ಕವನ್ನ ಸರಿ ಮಾಡ್ಕೋಬಹುದು. ಕಾಗದವನ್ನ ಆಗಲ್ಲ. ಮೋಟಾರು ವಾಹನ ಕಾಯ್ದೆ 1988, ಅದರ 52ನೇ ಕಲಂ ಹೇಳೋದು ಇಷ್ಟು: ಕಂಪನಿ ಮೂಲದಲ್ಲಿ ಹೇಗೆ ಮಾಡಿ ಕೊಟ್ಟಿದೆಯೋ, ಆರ್‌ಸಿಯಲ್ಲಿ ಹೇಗೆ ಬರೆದಿದೆಯೋ, ಅದಕ್ಕೆ ಬೇರೆ ಆಗೋ ಹಾಗೆ ಮಾಲೀಕರು ಗಾಡಿ ಬದಲಾಯಿಸಕ್ಕಿಲ್ಲ. ಸಿಎನ್‌ಜಿ ಹಾಕಿಸೋ ಥರದ ಕೆಲವಕ್ಕೆ ಮಾತ್ರ ದಾರಿ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಕೇರಳದ ಒಂದು ಕೇಸಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷ ತಿದ್ದುಪಡಿ ಆದ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. 2021ರ ಆಗಸ್ಟಿನಲ್ಲಿ ಕಣ್ಣೂರಲ್ಲಿ ಯೂಟ್ಯೂಬ್ ಮಾಡೋ ಅಣ್ಣತಮ್ಮಂದಿರ ವ್ಯಾನನ್ನ ಸಾರಿಗೆ ಇಲಾಖೆಯೋರು ಹಿಡಿದಿಟ್ಟಿದ್ದು ದೊಡ್ಡ ಸುದ್ದಿ ಆಗಿತ್ತಲ್ಲ, ಅದೂ ಟ್ರಾವೆಲರ್ ಗಾಡಿಯನ್ನ ಬದಲಾಯಿಸಿ ಮನೆ ಥರ ಮಾಡ್ಕೊಂಡಿದ್ದೇ.

ಸೀಟು ಕಿತ್ತರೂ ಬದಲಾವಣೆಯೇ, ಯಾಕಂದ್ರೆ ಎಷ್ಟು ಸೀಟು ಅಂತ ಆರ್‌ಸಿಯಲ್ಲಿ ಬರೆದಿರುತ್ತೆ. ಹಾಗಂತ ವ್ಯಾನ್ ಮನೆ ಮಾಡಲೇಬಾರದು ಅಂತ ಕಾನೂನಿಲ್ಲ. ಇದಕ್ಕೇ ಅಂತ ಎಐಎಸ್-124 ಅನ್ನೋ ಒಂದು ನಿಯಮಾವಳಿ ಇದೆ. ಕಟ್ಟೋರು ತಮ್ಮ ಮಾದರಿಯನ್ನ ಆ ಪ್ರಕಾರ ಪರೀಕ್ಷೆ ಮಾಡಿಸಿ ಒಪ್ಪಿಗೆ ತಗೊಂಡಿದ್ರೆ, ಗಾಡಿ ಮೋಟಾರ್ ಕ್ಯಾರವಾನ್ ಅಂತಲೇ ನೋಂದಣಿ ಆಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಒಪ್ಪಿಗೆ ಇರೋ ನಕ್ಷೆಗೆ ಕಟ್ಟಿದ ಮನೆ, ಒಪ್ಪಿಗೆ ಇಲ್ಲದೆ ಕಟ್ಟಿದ ಮನೆ. ಎರಡರಲ್ಲೂ ವಾಸ ಮಾಡಬಹುದು, ನೋಟಿಸು ಬರೋ ತನಕ.

ನನ್ನ ಮನಸ್ಸಿಗೆ ಬಂದಿದ್ದು ದಂಡ ಅಲ್ಲ. ಘಾಟಿಯಲ್ಲಿ ಯಾರೋ ಬಂದು ಗುದ್ದಿದ್ರೆ, ಒಳಗೆ ಅತ್ತೆ ಇದ್ರೆ, ಇನ್ಶೂರೆನ್ಸಿನೋರು ಮೊದಲು ಕೈಗೆ ತಗೊಳ್ಳೋದು ಆರ್‌ಸಿಯನ್ನ. ಅದರಲ್ಲಿ 13 ಸೀಟು ಅಂತ ಇದ್ದು ಗಾಡಿಯಲ್ಲಿ ಮಂಚ ಇದ್ರೆ, ನಮ್ಮ ಇನ್ಶೂರೆನ್ಸ್ ಕ್ಲೇಮಿಗೆ ತಕರಾರು ಬರಬಹುದು. ನಿವೃತ್ತಿ ದುಡ್ಡು ಒಂದೇ ಸಲ ಬರೋದು. ಎರಡನೇ ಸಲ ದುಡಿಯೋ ವಯಸ್ಸು ನಮ್ಮಿಬ್ಬರಿಗೂ ಇಲ್ಲ.

"ಹಾಗಾದ್ರೆ ಕಂಪನಿದೇ" ಅಂತ ಮಗ ಗೆದ್ದೋನ ಥರ ಹೇಳಿದ. ನಾನು "ತಡಿಯಪ್ಪ" ಅಂದೆ. ಫೋಟೋ ನೋಡಿ ಸೀರೆ ತಗೊಳ್ಳದೋಳು ಫೋಟೋ ನೋಡಿ ವ್ಯಾನ್ ತಗೊಳ್ತೀನಾ? ಬೆಂಗಳೂರಿನಿಂದ ಡ್ರೈವರ್ ಸಮೇತ ಒಂದು ವ್ಯಾನನ್ನ ಮೂರು ದಿನಕ್ಕೆ ಬಾಡಿಗೆಗೆ ತರಿಸಿ, ಅತ್ತೆಯ ಮಣಿಪಾಲದ ತಾರೀಕಿಗೇ ಹೊಂದಿಸಿದ್ವಿ.

ಆ ದಿನ ಅತ್ತೆ ಕಾಫಿ ಕುಡಿದು ಹೊರಟ್ರು. ತೀರ್ಥಹಳ್ಳಿ ದಾಟೋದರೊಳಗೆ ಒಂದು ಬಾಟಲಿ ನೀರು ಖಾಲಿ ಮಾಡಿದ್ರು. ದಾರಿಯಲ್ಲಿ ನಾಲ್ಕು ಸಲ ಗಾಡಿ ನಿಲ್ಲಿಸಿದ್ವಿ, ನಾಲ್ಕು ಸಲವೂ ಯಾರ ಹತ್ರವೂ ಬೀಗದ ಕೈ ಕೇಳಲಿಲ್ಲ. ಹೆಬ್ರಿ ಹತ್ರ ಮಲಗಿ ನಿದ್ದೆ ಮಾಡಿದ್ರು. ಆಸ್ಪತ್ರೆಯಲ್ಲಿ ಇಳಿದಾಗ ಅವರ ಮುಖ ನೋಡಿ ನಮ್ಮನೆಯವರು ಆ ಕಡೆ ತಿರುಗಿಕೊಂಡ್ರು, ಕಣ್ಣು ಒರೆಸಕ್ಕೆ.

ಆದರೆ ಕೊರತೆಗಳೂ ಗೊತ್ತಾದವು. ಶೌಚಾಲಯದ ಬಾಗಿಲು ಎಷ್ಟು ಕಿರಿದು ಅಂದ್ರೆ ಅತ್ತೆ ಒಳಗೆ ಹೋದ ಮೇಲೆ ನಾನು ಕೈ ಹಿಡಿಯಕ್ಕೆ ನಿಲ್ಲೋ ಜಾಗ ಇಲ್ಲ. ಹತ್ತೋ ಮೆಟ್ಟಿಲು ಮೊಣಕಾಲೆತ್ತರ. ಮಂಚ ಮೇಲೆ. ವಾಂತಿ ಬಂದ್ರೆ ಬಗ್ಗಕ್ಕೆ ಜಾಗ ಇಲ್ಲ. ಕಂಪನಿಯೋರು ಅಳತೆ ಹಿಡಿಯೋದು ಮೂವತ್ತು ವರ್ಷದ ಹುಡುಗರಿಗೆ, ನಮ್ಮತ್ತೆಗಲ್ಲ. ಗ್ಯಾರೇಜಲ್ಲಿ ಕಟ್ಟಿಸೋದರ ದೊಡ್ಡ ಲಾಭ ಅಂದ್ರೆ ಇದೇ: ನಮ್ಮ ಮನುಷ್ಯರ ಅಳತೆಗೆ ಕಟ್ಟಬಹುದು. ಇದನ್ನ ನಾನು ಮಗನಿಗೂ ಹೇಳಿದೆ, ಅಪ್ಪನ ಮಾತಲ್ಲಿ ಇಷ್ಟು ಸತ್ಯ ಇದೆ ಅಂತ.

ಶೌಚಾಲಯದ ಬಗ್ಗೆ ಎಲ್ರಿಗೂ ಕುತೂಹಲ, ಕೇಳಕ್ಕೆ ನಾಚಿಕೆ. ಆ ಗಾಡಿಯಲ್ಲಿ ಇದ್ದಿದ್ದು ಕ್ಯಾಸೆಟ್ ಅಂತಾರೆ. ಕೆಳಗೆ ಒಂದು ಡಬ್ಬಿ, ಎಳೆದು ತೆಗೆದು ಸರಿಯಾದ ಪಾಯಿಖಾನೆಯಲ್ಲಿ ಸುರಿದು ತೊಳೆಯಬೇಕು. ದಾರಿ ಬದಿ, ಹೊಳೆ ಬದಿ ಸುರಿಯೋ ಹಾಗಿಲ್ಲ. ತುಂಗೆ ಭದ್ರೆ ನೀರು ಕುಡಿಯೋ ನಾವು ಅದನ್ನ ಮಾಡಬಾರದು. ಅದನ್ನ ತೊಳೆಯೋರು ಯಾರು? ನಮ್ಮ ಮನೆಗಳಲ್ಲಿ ಇಂಥ ಪ್ರಶ್ನೆಗೆ ಯಾರೂ ಉತ್ತರ ಹೇಳಲ್ಲ, ಸುಮ್ಮನೆ ಕೆಲಸ ನಮ್ಮ ಪಾಲಿಗೆ ಬಂದಿರುತ್ತೆ. ನಾನು ಹೊರಡೋ ಮೊದಲೇ ಕೇಳಿದ್ದೆ. "ನಾನೇ" ಅಂದ್ರು ನಮ್ಮನೆಯವರು. ಮೂರು ದಿನವೂ ಅವರೇ ಮಾಡಿದ್ರು, ಒಂದು ಮಾತಾಡದೆ.

ವಾಪಸ್ ಬಂದ ಮೇಲೆ ಸ್ನೇಹಿತರ ಮನೆಗೆ ಇಬ್ರೂ ಹೋದ್ವಿ. ಫೋನಲ್ಲಿ ಹೇಳೋ ಮಾತಲ್ಲ ಅದು. ನಾನೇ ಕಾಯ್ದೆ ವಿಷಯ ಎಲ್ಲ ಹೇಳಿದೆ. ಅವರು ಸುಮಾರು ಹೊತ್ತು ಸುಮ್ಮನಿದ್ರು. ನನಗೆ ಹೊಟ್ಟೆ ಒಳಗೆ ಕಿವುಚಿದ ಹಾಗಾಯ್ತು. ಆಮೇಲೆ ಹೇಳಿದ್ರು, "ಅತ್ಗೆ, ಕಬ್ಬಿಣ ನಾನು ಕೊಡಬಲ್ಲೆ, ಆರ್‌ಸಿ ನಾನು ಕೊಡಲಾರೆ. ಅಮ್ಮನ್ನ ಕೂರಿಸ್ಕೊಂಡು ಹೋಗೋ ಗಾಡಿ, ನನ್ನ ಕೈಯಿಂದ ಒಂದು ಹೆಚ್ಚು ಕಮ್ಮಿ ಆದ್ರೆ ನಾನು ನಿಮ್ಮ ಮನೆ ಬಾಗಿಲಿಗೆ ಬರೋದು ಹೇಗೆ?" ಅವರ ಹೆಂಡತಿ ಒಳಗಿಂದ ಕೋಡುಬಳೆ ತಂದಿಟ್ಟರು. ಅಲ್ಲಿಗೆ ನನ್ನ ಎದೆ ಮೇಲಿನ ಕಲ್ಲು ಇಳೀತು.

ಈಗ ತೀರ್ಮಾನ ಕೇಳಿ. ಒಪ್ಪಿಗೆ ಪಡೆದ ಮಾದರಿಯನ್ನೇ ತಗೊಳ್ತಿದ್ದೀವಿ, ಸಣ್ಣದು, ಆಗುಂಬೆ ಇಳಿಯೋ ಅಂಥದ್ದು. ನಮ್ಮನೆಯವರ ಕಾರಿನ ಲೈಸೆನ್ಸೇ ಸಾಕು, 7500 ಕೆಜಿ ತನಕ ಲಘು ವಾಹನವೇ. ಮೂರು ಕಡೆ ನೋಡಿ, ಶೌಚಾಲಯದ ಬಾಗಿಲು ಅಗಲ ಇರೋ, ಮಂಚ ಕೆಳಗಿರೋ ಮಾದರಿ ಆರಿಸಿದ್ವಿ. ಮೂರಕ್ಕೂ ಅತ್ತೆಯನ್ನ ಕರ್ಕೊಂಡು ಹೋಗಿ ಹತ್ತಿಸಿ, ಕೂರಿಸಿ, ಬಾಗಿಲು ಹಾಕಿಸಿ ನೋಡಿದ್ವಿ, ಚಪ್ಪಲಿ ಅಂಗಡಿಯಲ್ಲಿ ಮಾಡಿದ ಹಾಗೆ. ಮಾರೋ ಹುಡುಗ ಟಿವಿ ತೋರಿಸಕ್ಕೆ ಹೋದ. ಅತ್ತೆ "ಅದಿರಲಿ ಮಗಾ, ಹಿಡ್ಕೊಳ್ಳೋ ಕಂಬಿ ಎಲ್ಲಿದೆ?" ಅಂತ ಕೇಳಿದ್ರು.

ಸ್ನೇಹಿತರೂ ಕೆಲಸ ಬಿಟ್ಟಿಲ್ಲ. ಗಾಡಿಗೆ ಮೊಳೆ ಹೊಡೆಯದೆ, ಹೊರಗೆ ಇಳಿಸಿ ಇಡೋ ಎರಡು ಹಂತದ ಮೆಟ್ಟಿಲು ಮಾಡ್ತಿದ್ದಾರೆ, ಕೈ ಹಿಡಿಯೋ ಕಂಬಿ ಸಮೇತ. ಪಾತ್ರೆ ಇಡೋ ಪೆಟ್ಟಿಗೆಯೂ ಅವರದೇ, ಎತ್ತಿ ಮನೆಗೆ ತರೋ ಹಾಗೆ. ಸಾಮಾನಿನ ಥರ ಒಯ್ಯೋದಕ್ಕೆ ಆರ್‌ಸಿ ಬದಲಾಗಲ್ಲ ನೋಡಿ.

ದುಡ್ಡಿಗೆ ನಾನು ಹಾಕಿದ ಷರತ್ತು ಎರಡು. ನನ್ನ ಹೆಸರಿನ ಎಫ್‌ಡಿ ಮುಟ್ಟೋ ಹಾಗಿಲ್ಲ, ಅದು ಅತ್ತೆಯ ಆಸ್ಪತ್ರೆಗೆ. ಸಾಲ ತಗೊಂಡು ಟಿವಿ, ಎಸಿ ಸೇರಿಸೋ ಹಾಗಿಲ್ಲ. ಎರಡಕ್ಕೂ ನಮ್ಮನೆಯವರು ಒಪ್ಪಿದ್ರು. "ಮೂರನೇದು ಡಬ್ಬಿ ತೊಳೆಯೋದು, ಅದು ಷರತ್ತಲ್ಲ, ನನ್ನ ಕೆಲಸ" ಅಂದ್ರು.

ನಿಮ್ಮಲ್ಲಿ ಯಾರಾದ್ರೂ ಇಂಥದ್ದಕ್ಕೆ ಮನಸ್ಸು ಮಾಡಿದ್ರೆ ಒಂದೇ ಮಾತು. ಒಳಗಿನ ಬಣ್ಣ, ಪರದೆ ನೋಡಕ್ಕೆ ಮೊದಲು ಆರ್‌ಸಿಯಲ್ಲಿ ಏನು ಬರೆದಿರುತ್ತೆ ಅಂತ ಕೇಳಿ. "ಆಮೇಲೆ ಮಾಡಿಸಿ ಕೊಡ್ತೀವಿ" ಅಂದ್ರೆ ಎದ್ದು ಬನ್ನಿ. ಆಮೇಲೆ ಒಂದು ಸಲ ಬಾಡಿಗೆಗೆ ತಗೊಂಡು, ಮನೆಯಲ್ಲಿ ಎಲ್ಲರಿಗಿಂತ ಕಷ್ಟ ಇರೋರನ್ನ ಹತ್ತಿಸಿ ನೋಡಿ. ಅವರಿಗೆ ಸರಿ ಹೋದ್ರೆ ನಮಗೆಲ್ಲ ಸರಿ ಹೋಗುತ್ತೆ.

ಗಾಡಿ ಕಾರ್ತೀಕದ ಹೊತ್ತಿಗೆ ಬರಬಹುದು ಅಂದಿದ್ದಾರೆ. ಮೊದಲನೇ ಪ್ರಯಾಣ ಎಲ್ಲಿಗೆ ಅಂತ ಅತ್ತೆ ಈಗಲೇ ಹೇಳಿಬಿಟ್ಟಿದ್ದಾರೆ: ಹುಬ್ಬಳ್ಳಿಗೆ, ಮೊಮ್ಮಗಳ ಮನೆಗೆ. ದಾರಿಯುದ್ದಕ್ಕೂ ನೀರು ಕುಡಿದುಕೊಂಡು.